ಕಾಮಿಕ್ಸ್ ಪಾತ್ರ ಬದಲಾಗಲಿ ಬಿಡಿ, ಆದರೆ ಒರೆಸಿ ಹಾಕೋದು ಯಾಕೆ?

ಮುಲುಂಡ್ ಮಾಣಿ

ಈ ವಾರ ನಮ್ಮ ಕಾಮಿಕ್ಸ್ ಗುಂಪಿನಲ್ಲಿ ಮತ್ತೆ ಅದೇ ಜಗಳ. “ನಮ್ಮ ಕಾಲದ ಪಾತ್ರಗಳನ್ನೆಲ್ಲ ಹಾಳು ಮಾಡಿಬಿಟ್ಟರು” ಅಂತ ಒಂದು ಕಡೆ. “ಕಾಲ ಬದಲಾಗಿದೆ ಅಂಕಲ್, ಸ್ವಲ್ಪ ಹೊಂದಿಕೊಳ್ಳಿ” ಅಂತ ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಅದಕ್ಕೇ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ. ಉದ್ದ ಇದೆ, ಲೋಕಲ್‌ನಲ್ಲಿ ಸೀಟು ಸಿಕ್ಕವರು ಓದಿ.

ನನ್ನ ವಾದ ಇಷ್ಟೇ. ಪಾತ್ರ ಬದಲಾಗಬಹುದು. ಸಾಯಬಹುದು, ಮದುವೆಯಾಗಬಹುದು, ಕೆಟ್ಟವನಾಗಬಹುದು. ಆದರೆ ಅದಕ್ಕೆ ಕತೆಯೊಳಗೇ ಯಾರೋ ಬೆಲೆ ತೆತ್ತಿರಬೇಕು. ಹತ್ತು ವರ್ಷ ಬಿಟ್ಟು ಬಂದ ಇನ್ನೊಬ್ಬ ಲೇಖಕ ಅದನ್ನು ಒರೆಸಿ ಹಾಕಬಾರದು.

ಸ್ಪೈಡರ್‌ಮ್ಯಾನ್ ತಗೊಳ್ಳಿ. 1973ರ ಜೂನ್ ತಿಂಗಳ 121ನೇ ಸಂಚಿಕೆ. ಖಳ ಗ್ರೀನ್ ಗಾಬ್ಲಿನ್, ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆ ಮೇಲಿಂದ ಕೆಳಗೆ ಬೀಳಿಸುತ್ತಾನೆ. ಪೀಟರ್, ಅಂದರೆ ವೇಷದೊಳಗಿನ ಸ್ಪೈಡರ್‌ಮ್ಯಾನ್, ಬಲೆ ಎಸೆಯುತ್ತಾನೆ. ಅದು ಅವಳ ಕಾಲಿಗೆ ಸರಿಯಾಗಿ ಅಂಟಿಕೊಳ್ಳುತ್ತದೆ. ಉಳಿಸಿಬಿಟ್ಟೆ ಅಂತ ಅವನು ಬೀಗುತ್ತಾನೆ. ಆದರೆ ಆ ಚಿತ್ರದಲ್ಲಿ ಅವಳ ಕತ್ತಿನ ಪಕ್ಕ ಸಣ್ಣ ಅಕ್ಷರದಲ್ಲಿ ‘ಸ್ನ್ಯಾಪ್’ ಅಂತ ಇದೆ. ಉಳಿದ ಕಡೆ ಗುದ್ದಿದರೆ, ಒದ್ದರೆ ಪುಟದ ಅರ್ಧದಷ್ಟು ದೊಡ್ಡ ಸದ್ದು ಬರೆಯುತ್ತಾರೆ. ಇಲ್ಲಿ ಮಾತ್ರ ಹುಡುಕಿದರೆ ಕಾಣುವಷ್ಟು ಸಣ್ಣದು. ಬಿದ್ದು ಸತ್ತಳಾ, ಬಲೆ ಜಗ್ಗಿದ್ದಕ್ಕೆ ಸತ್ತಳಾ? ಕೆಲವು ಸಂಚಿಕೆ ಆದಮೇಲೆ ಓದುಗರ ಪತ್ರದ ಪುಟದಲ್ಲಿ ಬಲೆಯೇ ಕಾರಣ ಅಂತ ಒಪ್ಪಿಕೊಂಡರು. ಅಂದರೆ ಕೊಂದದ್ದು ಒಂದು ರೀತಿಯಲ್ಲಿ ಪೀಟರನೇ. ಆಮೇಲಿನ ಪೀಟರ್ ಮೊದಲಿನ ಪೀಟರ್ ಅಲ್ಲ. ಇದು ಬದಲಾವಣೆ.

ಈಗ 2007ಕ್ಕೆ ಬನ್ನಿ. ಪೀಟರ್ ಮೇರಿ ಜೇನ್‌ಳನ್ನು ಮದುವೆಯಾಗಿ ಇಪ್ಪತ್ತು ವರ್ಷ ಆಗಿತ್ತು. ಮದುವೆಯಾದದ್ದು 1987ರಲ್ಲಿ, ಓದುಗರ ಕಣ್ಣೆದುರೇ. ಮೇ ಅತ್ತೆಗೆ ಗುಂಡು ಬಿದ್ದಿದೆ, ಬದುಕಲ್ಲ. ಮೆಫಿಸ್ಟೋ ಅನ್ನೋ ಸೈತಾನ ಬಂದು “ಅವಳನ್ನು ಉಳಿಸ್ತೀನಿ, ನಿಮ್ಮ ಮದುವೆ ನನಗೆ ಕೊಡಿ” ಅಂತಾನೆ. ಗಂಡ ಹೆಂಡತಿ ಒಪ್ಪುತ್ತಾರೆ. ಬೆಳಗಾದರೆ ಮದುವೆಯೇ ಆಗಿಲ್ಲ! ಯಾರಿಗೂ ನೆನಪಿಲ್ಲ! ಪೀಟರ್ ಮತ್ತೆ ಬ್ರಹ್ಮಚಾರಿ. ಮದುವೆಯಾದ ಹೀರೋ ಮುದುಕನ ಥರ ಕಾಣ್ತಾನೆ ಅಂತ ಕಂಪನಿಯ ಮೇಲಿನವರಿಗೆ ಅನ್ನಿಸಿತ್ತು, ಅಷ್ಟೇ. ಡೈವೋರ್ಸ್ ಕೊಡಿಸಿದ್ದರೂ ನಾನು ಸುಮ್ಮನಿರುತ್ತಿದ್ದೆ. ಅದರಲ್ಲಾದರೂ ನೋವು ಇರುತ್ತಿತ್ತು, ಕೋರ್ಟು ಇರುತ್ತಿತ್ತು, ಒಂಟಿ ಮನೆ ಇರುತ್ತಿತ್ತು.

ಸೂಪರ್‌ಮ್ಯಾನ್ ಸಾವೂ ಇದೇ ಜಾತಿ. 1992ರಲ್ಲಿ 75ನೇ ಸಂಚಿಕೆಯನ್ನು ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಳಗೆ ತೋಳಿಗೆ ಕಟ್ಟಿಕೊಳ್ಳುವ ಸೂತಕದ ಪಟ್ಟಿ ಇಟ್ಟು ಮಾರಿದರು. ಮರುವರ್ಷ ಆಸಾಮಿ ಕೂದಲು ಉದ್ದ ಬಿಟ್ಟುಕೊಂಡು ವಾಪಸ್. ಜನ ಕವರ್ ಒಡೆಯದೆ ಎತ್ತಿಟ್ಟರು, ಮುಂದೆ ದುಡ್ಡಾಗುತ್ತದೆ ಅಂತ. ಎಲ್ಲರೂ ಎತ್ತಿಟ್ಟರೆ ಯಾರಿಗೆ ದುಡ್ಡಾಗುತ್ತದೆ ಹೇಳಿ?

ಬಯ್ಯೋರು ಬಯ್ಯಿರಿ. ಕಾರಣ ಕೊಟ್ಟು ಬಯ್ಯಿರಿ.

ಕಲ್ಯಾಣದ ಕೊನೆ ಡಬ್ಬಿ

ಗ್ವೆನ್ ಸತ್ತ ಎರಡೇ ವರ್ಷಕ್ಕೆ ಅವಳ ಕ್ಲೋನ್ ತಂದರು ಮಾಣಿಯಣ್ಣ. ಅದನ್ನು ಯಾಕೆ ಹೇಳಲಿಲ್ಲ? 2014ರಲ್ಲಿ ಬೇರೆ ಲೋಕದ ಗ್ವೆನ್ ತಾನೇ ಜೇಡನ ವೇಷ ಹಾಕಿಕೊಂಡು ಬಂದಳು. ನಿಮ್ಮ ಪವಿತ್ರವಾದ ಸಾವಿಗೂ ಅವರು ಕೈ ಹಾಕದೆ ಬಿಟ್ಟಿಲ್ಲ.

ಮುಲುಂಡ್ ಮಾಣಿ

ಕ್ಲೋನ್ ಬಂದರೂ ಸತ್ತವಳು ಸತ್ತೇ ಇದ್ದಾಳೆ, ನೋಡು. ಕ್ಲೋನ್ ಬಂದದ್ದು ಪೀಟರನ ಗಾಯ ಕೆದಕೋಕೆ. ಬೇರೆ ಲೋಕದವಳು ಬೇರೆಯವಳು. ಅವಳ ಲೋಕದಲ್ಲಿ ಸತ್ತವನು ಪೀಟರ್. ಸಾಲ ಆ ಕಡೆಯಿಂದ ಈ ಕಡೆಗೆ ವರ್ಗವಾಗಿದೆ, ಮನ್ನಾ ಆಗಿಲ್ಲ.

ರದ್ದಿ ರಾಯರು

ಮಾಣಿ, ನಿನ್ನ ಜೇಡರ ಹುಡುಗ ನನಗೆ ಅಷ್ಟು ಗೊತ್ತಿಲ್ಲ. ನಾನು ಫ್ಯಾಂಟಮ್ ಕಾಲದವನು, ಕಾಡಿನಲ್ಲಿರುವ ಮುಖವಾಡದ ವೀರ ಅವನು. ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದಕಿ ಕೆದಕಿ ಈ ಹೆಸರು ಬಂತು. ಹೆಂಡತಿ ಇಟ್ಟದ್ದು.

ಇಂದ್ರಜಾಲ ಕಾಮಿಕ್ಸ್ ಇದೇ ಬೊಂಬಾಯಿಯಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದಿಂದ 1964ರ ಮಾರ್ಚ್‌ನಲ್ಲಿ ಶುರುವಾಯಿತು. ಮೊದಲ ಸಂಚಿಕೆಯೇ ಫ್ಯಾಂಟಮ್. ಕನ್ನಡದಲ್ಲೂ ಬರುತ್ತಿತ್ತು. 1990ಕ್ಕೆ ನಿಂತಿತು. ಮೊದಮೊದಲು ನಮ್ಮ ಫ್ಯಾಂಟಮ್ ಬಟ್ಟೆ ನೀಲಿ. ಕೆಲವು ಸಂಚಿಕೆ ಆದಮೇಲೆ ನೇರಳೆ ಆಯಿತು. ಒಬ್ಬರೂ ದಂಗೆ ಏಳಲಿಲ್ಲ. ಸ್ವೀಡನ್ ಕಡೆ ಈಗಲೂ ನೀಲಿಯೇ, ಇಟಲಿಯಲ್ಲಿ ಕೆಂಪು. ಬರೆದ ಲೀ ಫಾಕ್ ತಲೆಯಲ್ಲಿ ಇದ್ದದ್ದು ಬೂದು ಬಣ್ಣವಂತೆ. ಬಣ್ಣಕ್ಕಾಗಿ ಹೊಡೆದಾಡುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬಣ್ಣ ಮಾತ್ರ ಅಲ್ಲ. ಮೂಲದಲ್ಲಿ ಫ್ಯಾಂಟಮ್ ಇರುವ ದೇಶ ಬಂಗಾಳ ಅನ್ನಿಸುವ ಹಾಗಿತ್ತು. ಇಲ್ಲಿ ಅದನ್ನು ಡೆಂಕಾಲಿ ಮಾಡಿದರು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಹಿಂದಿನ ಫ್ಯಾಂಟಮ್‌ನ ಬೆನ್ನಿಗೆ ಚೂರಿ ಹಾಕಿದವನ ಹೆಸರು ರಾಮ. ಅವನು ರಾಮಲು ಆದ. ರಾಮ ಅಂತ ಖಳನಿಗೆ ಹೆಸರಿಟ್ಟು ಈ ಊರಿನಲ್ಲಿ ಮಾರೋಕೆ ಆಗುತ್ತಿತ್ತಾ? ಕತೆ ಕೆಡಲಿಲ್ಲ. ಓದುಗನಿಗೆ ಚುಚ್ಚುವ ಮುಳ್ಳು ಹೋಯಿತು, ಅಷ್ಟೇ. ನಿನ್ನ ನಿಯಮದ ಪ್ರಕಾರ ಇದು ಒರೆಸಿದ್ದಾ, ಬದಲಾಯಿಸಿದ್ದಾ?

ಇನ್ನೊಂದು ಹೇಳುತ್ತೇನೆ. ಜಾದೂಗಾರ ಮ್ಯಾಂಡ್ರೇಕ್ ಜೊತೆ ಲೋಥಾರ್ ಇದ್ದಾನಲ್ಲ. 1934ರಲ್ಲಿ ಅವನು ಬಂದದ್ದು ಚಿರತೆ ಚರ್ಮ ಸುತ್ತಿಕೊಂಡು, ತಲೆಗೆ ಕೆಂಪು ಟೋಪಿ, ಹರಕು ಮುರುಕು ಇಂಗ್ಲಿಷು. ಹುಟ್ಟಿನಿಂದ ರಾಜಕುಮಾರ, ಕೆಲಸ ಮಾತ್ರ ಆಳಿನದು. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಲೋಥಾರ್ ಬಟ್ಟೆ ಬದಲಾಯಿತು, ಮಾತು ನೆಟ್ಟಗಾಯಿತು, ಮ್ಯಾಂಡ್ರೇಕ್‌ನ ಸರಿಸಮ ಗೆಳೆಯ ಆದ. ಇದಕ್ಕೆ ಕತೆಯೊಳಗೆ ಯಾರೂ ಬೆಲೆ ತೆರಲಿಲ್ಲ. ಯಾರೂ ಸಾಯಲಿಲ್ಲ. ಸದ್ದಿಲ್ಲದೆ ಆಯಿತು. ಆದರೂ ನಾನು ಕಂಡ ಬದಲಾವಣೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಆದ್ದರಿಂದ ಬೆಲೆ ಗಿಲೆ ಅನ್ನುವ ನಿನ್ನ ಮಾತು ಎಲ್ಲ ಕಡೆ ನಡೆಯಲ್ಲ.

ಪುಣೆ ಪಾಟೀಲ

ರಾಯರ ಮಾತಿಗೆ ನನ್ನದೊಂದು ಶರಾ. ಬದಲಾಗದೇ ಗೆದ್ದವನ ಬಗ್ಗೆ ಯಾರೂ ಮಾತಾಡವಲ್ರಿ. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ! ನಮ್ಮ ಮೈಸೂರಿನವರು, ಮುಂಬಯಿಯಲ್ಲಿ ಬರೆದವರು, ಕೊನೆಗೆ 2015ರಲ್ಲಿ ನಮ್ಮ ಪುಣೆಯಲ್ಲಿ ತೀರಿಕೊಂಡವರು.

1951ರಿಂದ ಆ ಮನುಷ್ಯ ಟೈಮ್ಸ್ ಮುಖಪುಟದ ಮೂಲೆಯಲ್ಲಿ ನಿಂತಿದ್ದ. ಅದೇ ಚೌಕಳಿ ಕೋಟು. ಅದೇ ಧೋತರ. ಅದೇ ಕನ್ನಡಕ, ಕಿವಿ ಮೇಲೆ ಎದ್ದು ನಿಂತ ನಾಲ್ಕು ಕೂದಲು. ಬಾಯಿ ಬಿಟ್ಟು ಒಂದು ಮಾತಿಲ್ಲ. ಪ್ರಧಾನಿಗಳು ಬಂದರು, ಹೋದರು. ತುರ್ತು ಪರಿಸ್ಥಿತಿ ಬಂತು, ಹೋಯಿತು. ಇವನಿಗೆ ವಯಸ್ಸಾಗಲಿಲ್ಲ. ಆದರೆ ಪ್ರತಿದಿನ ಅವನ ಸುತ್ತ ಇರುವ ದೇಶ ಬೇರೆ. ಅವನು ಬದಲಾಗದೇ ಇರೋದರಿಂದಲೇ ದೇಶ ಬದಲಾದದ್ದು ನಮಗೆ ಗೊತ್ತಾಗುತ್ತಿತ್ತು. ನೆಟ್ಟ ಕೋಲಿನ ಪಕ್ಕ ನೀರು ಎಷ್ಟು ಏರಿತು ಅಂತ ನೋಡಿದ ಹಾಗೆ. ಕೋಲೂ ತೇಲಿದರೆ ಏನು ಅಳೆಯುತ್ತೀರಿ?

ಶುರುವಿನಲ್ಲಿ ಲಕ್ಷ್ಮಣರು ಬೇರೆ ಬೇರೆ ರಾಜ್ಯದವರನ್ನು ಗುಂಪಾಗಿ ಬರೆಯುತ್ತಿದ್ದರಂತೆ. ಬಂಗಾಳಿ, ಮದರಾಸಿ, ಪಂಜಾಬಿ ಹೀಗೆ. ಪ್ರೆಸ್‌ಗೆ ಹೊತ್ತಾಗುತ್ತಿದ್ದಾಗ ಒಬ್ಬೊಬ್ಬರನ್ನೇ ಕೈಬಿಟ್ಟು ಕೊನೆಗೆ ಇವನೊಬ್ಬ ಉಳಿದ. ಅಂದರೆ ಪಾತ್ರ ಬದಲಾಗಿದ್ದು ಹುಟ್ಟುವ ಮುಂಚೆ. ಹುಟ್ಟಿದ ಮೇಲೆ ಇಲ್ಲ.

ವರ್ಲಿ ಸಮುದ್ರದ ದಂಡೆಯಲ್ಲಿ ಅವನ ಮೂರ್ತಿ ಇದೆ. ಇಲ್ಲಿ ಸಿಂಬಯಾಸಿಸ್‌ನಲ್ಲೂ ಒಂದು ಇದೆ. ಯಾವ ಪೀಟರ್ ಪಾರ್ಕರನಿಗೆ ಹಿಂಗ ನಡುಬೀದಿಯಲ್ಲಿ ಗೌರವ ಐತಿ, ಹೇಳ್ರಿ.

ಮುಲುಂಡ್ ಮಾಣಿ

ಪಾಟೀಲ್ ಸರ್, ಶ್ರೀಸಾಮಾನ್ಯ ಒಂದು ಚೌಕದ ಪಾತ್ರ. ಇವತ್ತಿನ ಚೌಕಕ್ಕೂ ನಾಳೆಯದ್ದಕ್ಕೂ ಸಂಬಂಧ ಬೇಕಿಲ್ಲ. ನಾನು ಮಾತಾಡುತ್ತಿರುವುದು ಮುಂದುವರಿಯುವ ಕತೆಗಳ ಬಗ್ಗೆ. ನಿನ್ನೆ ನಡೆದದ್ದು ಇವತ್ತಿಗೆ ಲೆಕ್ಕಕ್ಕಿದೆ ಅಂತ ಓದುಗನಿಗೆ ಮಾತು ಕೊಟ್ಟ ಕತೆಗಳು. ಮಾತು ಕೊಡದವನು ಮಾತು ಮುರಿಯೋದು ಹೇಗೆ?

ರಾಯರೇ, ಲೋಥಾರ್ ವಿಷಯಕ್ಕೆ ಬರುತ್ತೇನೆ. ಅಲ್ಲಿ ಬೆಲೆ ತೆತ್ತದ್ದು ಕತೆಯೊಳಗೆ ಅಲ್ಲ, ಮೊದಲ ಮೂವತ್ತು ವರ್ಷ ಅದನ್ನು ಓದಿದ ಕಪ್ಪು ಜನ. ಆ ಸಾಲ ತೀರಿಸಿದರು. ಮದುವೆ ಒರೆಸಿದ್ದು ಯಾರ ಸಾಲ ತೀರಿಸೋಕೆ?

ರದ್ದಿ ರಾಯರು

ಇದು ಒಪ್ಪುವ ಮಾತು. ಆದರೆ ನಿಯಮ ಸ್ವಲ್ಪ ಹಿಗ್ಗಿತು, ಗಮನಿಸಿದೆ.

ವಾಸ್ಕೋದ ಅಕ್ಕ

ನೀವೆಲ್ಲ ದೊಡ್ಡ ದೊಡ್ಡ ಸಾವುಗಳ ಬಗ್ಗೆ ಬರೆದಿರಿ. ನಮ್ಮ ಮನೆಯಲ್ಲಿ ಓದುವವರು ಮಕ್ಕಳ ಪತ್ರಿಕೆ ಟಿಂಕಲ್‌ನ ಬಳಗ. ನನ್ನ ಮಗಳಿಗೆ ಶಿಕಾರಿ ಶಂಭು ಅಂದರೆ ಪ್ರಾಣ.

ಟಿಂಕಲ್ 1980ರಲ್ಲಿ ಶುರುವಾದದ್ದು, ಅನಂತ ಪೈಗಳದ್ದು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಗೆ ಬಂದ ನಮ್ಮ ಕಡೆಯ ಅಂಕಲ್ ಪೈ. ಶಂಭು 1983ರಲ್ಲಿ ಬಂದ. ಲೂಯಿಸ್ ಫರ್ನಾಂಡಿಸ್ ಕತೆ, ವಸಂತ ಹಳಬೆ ಚಿತ್ರ. ಹೆದರುಪುಕ್ಕಲ ಬೇಟೆಗಾರ, ಟೋಪಿ ಕಣ್ಣಿನವರೆಗೆ ಇಳಿದಿರುತ್ತದೆ. ಕಣ್ಣು ಕಾಣಿಸೋದೇ ಇಲ್ಲ. ಹುಲಿ ಕಂಡರೆ ಓಡುತ್ತಾನೆ, ಓಡುತ್ತಾ ಎಡವಿ ಹುಲಿಯನ್ನೇ ಹಿಡಿಯುತ್ತಾನೆ. ಊರವರು ಹಾರ ಹಾಕುತ್ತಾರೆ.

ಈಗಿನ ಶಂಭು ಕಾಡು ಪ್ರಾಣಿಗಳನ್ನು ಉಳಿಸುವವನು. ಬಂದೂಕಿಗಿಂತ ಬೇಟೆಗಾರರನ್ನು ಹಿಡಿಯೋದು ಜಾಸ್ತಿ. ಇದರಿಂದ ಏನು ನಷ್ಟವಾಯಿತು? ಏನೂ ಇಲ್ಲ. ಯಾಕೆಂದರೆ ಶಂಭುವಿನ ತಮಾಷೆ ಬಂದೂಕಿನಲ್ಲಿ ಇರಲೇ ಇಲ್ಲ. ಹೆದರಿಕೆಯಲ್ಲಿ ಇತ್ತು. ಹೆದರಿಕೆ ಹಾಗೇ ಇದೆ, ಟೋಪಿ ಹಾಗೇ ಇದೆ. ಒಂದು ದಿನ ಟೋಪಿ ಎತ್ತಿ ಕಣ್ಣು ತೋರಿಸಿದರೆ ಆಗ ನಾನು ಬೀದಿಗಿಳಿಯುತ್ತೇನೆ.

ಮಾಣಿಗೆ ನನ್ನ ಪ್ರಶ್ನೆ ಏನಂದರೆ, ಪಾತ್ರದಲ್ಲಿ ಯಾವುದು ಮುಟ್ಟಬಾರದ್ದು, ಯಾವುದು ಮುಟ್ಟಬಹುದು? ಅದು ಗೊತ್ತಿಲ್ಲದೆ ಬೆಲೆ ಲೆಕ್ಕ ಹಾಕಿ ಏನು ಪ್ರಯೋಜನ? ಟಿಂಕಲ್‌ನ ಪೆದ್ದ ಸುಪ್ಪಾಂಡಿಗೆ ಬುದ್ಧಿ ಬಂದರೆ ಮುಗಿಯಿತು. ಅವನ ಪ್ಯಾಂಟು ಜೀನ್ಸ್ ಆದರೆ ಯಾರಿಗೇನು?

ಇಂಕು ಕುಡಿಕೆ

ಅಕ್ಕ, ಪ್ಯಾಂಟಿನ ವಿಷಯ ಸಣ್ಣದಲ್ಲ! ಟಿನ್‌ಟಿನ್ ನೋಡಿ. ಪತ್ರಕರ್ತ ಹುಡುಗ ಅವನು, ಸುಮಾರು ಐವತ್ತು ವರ್ಷ ಮೊಣಕಾಲು ಕೆಳಗೆ ಮಡಚಿದ ಉಬ್ಬು ಪ್ಯಾಂಟಿನಲ್ಲಿ ಓಡಾಡಿದ. 1976ರಲ್ಲಿ ಬಂದ ಪಿಕಾರೋಸ್ ಕತೆಯಲ್ಲಿ ಕಂದು ಜೀನ್ಸ್ ಹಾಕಿದ. ಅದೂ ಅವನನ್ನು ಹುಟ್ಟುಹಾಕಿದ ಹರ್ಜೆಯೇ ಬರೆದದ್ದು, ಬೇರೆಯವರಲ್ಲ. ಆದರೂ ನನಗೆ ಆ ಪುಸ್ತಕದಲ್ಲಿ ಟಿನ್‌ಟಿನ್ ಯಾರೋ ಪರಕೀಯನ ಹಾಗೆ ಕಾಣುತ್ತಾನೆ. ಕೇಳಿದರೆ ನಗುತ್ತೀರಿ, ಆದರೆ ಚಿತ್ರ ಬರೆಯುವವರಿಗೆ ಬಟ್ಟೆಯೇ ಪಾತ್ರ. ದೂರದಿಂದ, ಬೆನ್ನು ಮಾತ್ರ ಕಂಡರೂ ಇವನೇ ಅಂತ ಗೊತ್ತಾಗಬೇಕು. ಆ ಉಬ್ಬು ಪ್ಯಾಂಟು, ಹಣೆ ಮೇಲಿನ ಜುಟ್ಟು, ಎರಡೇ ಗೆರೆಯಲ್ಲಿ ಟಿನ್‌ಟಿನ್ ಬರುತ್ತಿದ್ದ.

ನಾನು ಅಂಧೇರಿಯಲ್ಲಿ ಆನಿಮೇಶನ್ ಕೆಲಸ ಮಾಡುವವಳು. ನಮ್ಮಲ್ಲಿ ಹೊಸಬರು ಬಂದಾಗ ಮೊದಲು ಕೊಡುವುದು ಪಾತ್ರದ ಹಾಳೆ. ಎದುರಿಂದ, ಪಕ್ಕದಿಂದ, ಹಿಂದಿನಿಂದ. ತಲೆ ಎಷ್ಟು, ಮೈ ಅದರ ಎಷ್ಟು ಪಟ್ಟು. ಕೋಪ ಬಂದರೆ ಹುಬ್ಬು ಎಲ್ಲಿ. ಅದನ್ನೇ ನೋಡಿಕೊಂಡು ಹತ್ತು ಜನ ಬರೆದರೂ ಹತ್ತು ಬೇರೆ ಮನುಷ್ಯರು ಬರುತ್ತಾರೆ. ಅಳತೆ ಸರಿ ಇರುತ್ತದೆ, ಗೆರೆ ಎಲ್ಲಿ ದಪ್ಪ ಎಲ್ಲಿ ಸಣ್ಣ ಅನ್ನೋದು ಕೈಯಲ್ಲಿ ಇರುತ್ತದೆ. ಸುಪ್ಪಾಂಡಿಯನ್ನು ಮೊದಲು ಬರೆದವರು ರಾಮ್ ವಾಯೀರ್ಕರ್. ಅಮರ ಚಿತ್ರಕಥೆಯ ಕೃಷ್ಣನನ್ನು ಬರೆದವರೂ ಅವರೇ. ಅವರು 2003ರಲ್ಲಿ ಹೋದ ಮೇಲೆ ಮಗಳು ಅರ್ಚನಾ ಅಂಬೇರ್ಕರ್ ಮುಂದುವರಿಸಿದರು. ಕೋಲು ಕಾಲು, ಉದ್ದ ತಲೆ, ಎಲ್ಲ ಅದೇ. ಆದರೂ ಪಕ್ಕಪಕ್ಕ ಇಟ್ಟರೆ ಅಪ್ಪನ ಗೆರೆ ಯಾವುದು ಮಗಳ ಗೆರೆ ಯಾವುದು ಅಂತ ನನಗೆ ಗೊತ್ತಾಗುತ್ತದೆ. ಕೆಟ್ಟದ್ದು ಅಂತಲ್ಲ. ಬೇರೆ ಅಷ್ಟೇ. ಶಂಭುವೂ ಹಾಗೇ. ಹಳಬೆ ನಂತರ ಸಾವಿಯೋ ಮಸ್ಕರೇನಸ್ ಕೈಗೆ ಬಂದ.

ನೀವೆಲ್ಲ ಕತೆ ಬದಲಾದದ್ದನ್ನು ಮಾತ್ರ ಎಣಿಸುತ್ತೀರಿ. ಕೈ ಬದಲಾದದ್ದನ್ನು ಯಾರೂ ಎಣಿಸಲ್ಲ.

ಇನ್ನೊಂದು ಮುಖ್ಯ ವಿಷಯ. ಇಷ್ಟೆಲ್ಲ ಆಗೋದು ಪಾತ್ರ ಯಾರ ಆಸ್ತಿ ಅನ್ನೋದರ ಮೇಲೆ. ಹರ್ಜೆ ತನ್ನ ನಂತರ ಯಾರೂ ಟಿನ್‌ಟಿನ್ ಬರೆಯಬಾರದು ಅಂದ. 1983ರಲ್ಲಿ ಅವನು ಸತ್ತ, ಹೊಸ ಟಿನ್‌ಟಿನ್ ಬರಲಿಲ್ಲ. ಆಸ್ಟೆರಿಕ್ಸ್ ಬೇರೆ ದಾರಿ ಹಿಡಿಯಿತು. ಕತೆ ಬರೆಯುತ್ತಿದ್ದ ಗೊಸಿನಿ 1977ರಲ್ಲಿ ಹೋದ ಮೇಲೆ ಚಿತ್ರ ಬರೆಯುತ್ತಿದ್ದ ಉಡೆರ್ಜೊ ಒಬ್ಬನೇ ಎಳೆದ, 2013ರಿಂದ ಹೊಸ ಜೋಡಿ. ಅಮೆರಿಕದಲ್ಲಿ ಪಾತ್ರ ಕಂಪನಿಯದ್ದು. ಬರೆಯುವವನು ಬಾಡಿಗೆಯವನು. ತಿಂಗಳು ತಿಂಗಳು ಪುಸ್ತಕ ಬರಲೇಬೇಕು, ಪಾತ್ರ ಮುದುಕಾಗಬಾರದು, ಸುದ್ದಿ ಆಗುತ್ತಲೂ ಇರಬೇಕು. ಕೊಲ್ಲೋದು, ಎಬ್ಬಿಸೋದು ಬಿಟ್ಟು ಅವರಿಗೆ ಬೇರೆ ಏನು ದಾರಿ ಇದೆ? ಮಾಣಿ ಬಯ್ಯೋದು ಲೇಖಕನನ್ನು. ಬಯ್ಯಬೇಕಾದದ್ದು ಕ್ಯಾಲೆಂಡರನ್ನು.

ಕಲ್ಯಾಣದ ಕೊನೆ ಡಬ್ಬಿ

ಬಟ್ಟೆಯೇ ಪಾತ್ರ ಅಂದಿರಲ್ಲ, ಸೂಪರ್‌ಮ್ಯಾನ್ ಚಡ್ಡಿ ನೆನಪಾಯಿತು. 2011ರಲ್ಲಿ ಹೊರಗಿನ ಕೆಂಪು ಚಡ್ಡಿ ತೆಗೆದರು. ಜನ ಅತ್ತರು. 2018ರಲ್ಲಿ ಆಕ್ಷನ್ ಕಾಮಿಕ್ಸ್ ಸಾವಿರನೇ ಸಂಚಿಕೆಗೆ ಮತ್ತೆ ತೊಡಿಸಿದರು. ಸಾವು ವಾಪಸ್ ಬರೋಕೆ ಒಂದು ವರ್ಷ, ಚಡ್ಡಿ ವಾಪಸ್ ಬರೋಕೆ ಏಳು ವರ್ಷ. ಯಾವುದು ದೊಡ್ಡದು ಅಂತ ನೀವೇ ಹೇಳಿ.

ಪುಣೆ ಪಾಟೀಲ

ಹ್ಹಹ್ಹ. ಇಂಕು ಕುಡಿಕೆ ಅವರು ಕೈ ಬದಲಾದ ಮಾತು ಎತ್ತಿದ್ದು ಭಾರಿ ಚಲೋ ಆತು. ರಾಜ್ ಕಾಮಿಕ್ಸ್‌ನ ನಾಗರಾಜ ಇದ್ದಾನಲ್ಲ, 1986ರಲ್ಲಿ ಬಂದವ. ಶುರುವಿನ ಪುಸ್ತಕಗಳಿಗೆ ಚಿತ್ರ ಬರೆದವರು ಪ್ರತಾಪ್ ಮುಳಿಕ್, ಅಮರ ಚಿತ್ರಕಥೆಯ ದೊಡ್ಡ ಕಲಾವಿದರು. ಅವರ ನಾಗರಾಜ ನಿಂತರೆ ಪುರಾಣದ ವೀರ ನಿಂತ ಹಾಗಿತ್ತು. ಆಮೇಲೆ ಅನುಪಮ್ ಸಿನ್ಹಾ ಬಂದರು. ಸ್ನಾಯು ಉಬ್ಬಿತು, ಓಟ ಜೋರಾಯಿತು, ಚೌಕಗಳು ಸೀಳಿಕೊಂಡು ಹೋದವು. ನಮ್ಮ ಹಾಸ್ಟೆಲಿನಲ್ಲಿ ಇದೇ ವಿಷಯಕ್ಕೆ ಎರಡು ಬಣ ಇತ್ತು. ನಾನು ಮುಳಿಕ್ ಬಣ. ಈಗಲೂ.

ಕತೆಯಲ್ಲೂ ನೋಡ್ರಿ. ನಾಗರಾಜನ್ನ ಪ್ರೊಫೆಸರ್ ನಾಗಮಣಿ ತಯಾರು ಮಾಡಿದ್ದೇ ಭಯೋತ್ಪಾದಕರಿಗೆ ಬಾಡಿಗೆ ಕೊಡೋಕೆ. ಅವನು ತಿರುಗಿಬಿದ್ದ. ಪಾತ್ರದ ಹುಟ್ಟಿನಲ್ಲೇ ಬದಲಾವಣೆ ಇದೆ. ಅದು ಬದಲಾವಣೆ.

ನಿಮ್ಮ ಮುಂಬಯಿಯ ಡೋಗಾನೂ ಹಂಗೇ. ಕಸದ ತೊಟ್ಟಿಯಲ್ಲಿ ಸಿಕ್ಕ ಕೂಸು. ಡಕಾಯಿತ ಹಲ್ಕನ್ ಸಿಂಗ್ ಸಾಕಿದ. ಬೆಳೆದ ಮೇಲೆ ನಾಯಿ ಮುಖವಾಡ ಹಾಕಿ ಗೂಂಡಾಗಳನ್ನು ಕೊಲ್ಲುತ್ತಾನೆ, ಹಗಲೊತ್ತು ಜಿಮ್‌ನಲ್ಲಿ ಇರುತ್ತಾನೆ. ಅವನನ್ನು ತಿದ್ದಿ ಮೃದು ಮಾಡಿದ್ದರೆ ಯಾರೂ ಓದುತ್ತಿರಲಿಲ್ಲ. ಅವನ ಸಿಟ್ಟು ಈ ಊರಿನ ಸಿಟ್ಟು.

ಪಾತ್ರ ಹಾಳಾಗೋದು ಬದಲಾಯಿಸಿದಾಗ ಅಲ್ಲ, ಭಾಷಣ ಮಾಡಿಸಿದಾಗ. ಚಾಚಾ ಚೌಧರಿ ಏನು ಮನುಷ್ಯ! ಪ್ರಾಣ್ ಬರೆದದ್ದು. ಕೆಂಪು ಪೇಟ, ಕೋಲು, ಜೊತೆಗೆ ಗುರುಗ್ರಹದ ಸಾಬು. 2021ರಲ್ಲಿ ಅವನನ್ನು ನಮಾಮಿ ಗಂಗೆ ಯೋಜನೆಯ ಮುಖ ಮಾಡಿದರು. ಗಂಗೆ ಸ್ವಚ್ಛ ಆಗಲಿ, ನನ್ನ ತಕರಾರಿಲ್ಲ. ಆದರೆ ಚಾಚಾ ಊರ ಕಳ್ಳನಿಗೆ ಉಪಾಯ ಹೂಡೋ ಬದಲು ಊರಿಗೆ ಬುದ್ಧಿ ಹೇಳೋಕೆ ನಿಂತರೆ ನನಗೆ ನಿದ್ದೆ ಬರುತ್ತದೆ.

ವಾಸ್ಕೋದ ಅಕ್ಕ

ಪಾಟೀಲರೇ, ಇದನ್ನು ನನ್ನ ಮಗಳ ಶಾಲೆಯವರಿಗೆ ಕಳಿಸಲೇ? ಅಲ್ಲಿ ಎಲ್ಲ ಕತೆಗೂ ಕೊನೆಗೊಂದು ನೀತಿ ಬೇಕು.

ಕಲ್ಯಾಣದ ಕೊನೆ ಡಬ್ಬಿ

ಇಷ್ಟು ಹೊತ್ತು ಕಾದೆ, ಒಬ್ಬರಾದರೂ ಪವಿತ್ರ್ ಪ್ರಭಾಕರ್ ಹೆಸರು ಎತ್ತುತ್ತೀರಾ ಅಂತ. ಮುಂಬಯಿಯಲ್ಲಿ ಕೂತು ಮುಂಬಯಿಯ ಸ್ಪೈಡರ್‌ಮ್ಯಾನನ್ನೇ ಮರೆತಿರಿ!

ಹೊಸಬರಿಗೆ: 2004ರಲ್ಲಿ ‘ಸ್ಪೈಡರ್‌ಮ್ಯಾನ್ ಇಂಡಿಯಾ’ ಅಂತ ನಾಲ್ಕು ಸಂಚಿಕೆ ಬಂತು. ಜೀವನ್ ಕಾಂಗ್ ಚಿತ್ರ. ಹಳ್ಳಿಯಿಂದ ಸ್ಕಾಲರ್‌ಶಿಪ್ ಮೇಲೆ ಮುಂಬಯಿ ಶಾಲೆಗೆ ಬಂದ ಬಡ ಹುಡುಗ. ಮಾಯಾ ಅತ್ತೆ, ಭೀಮ ಮಾವ, ಮೀರಾ ಜೈನ್ ಅನ್ನೋ ಹುಡುಗಿ. ಗ್ರೀನ್ ಗಾಬ್ಲಿನ್ ಜಾಗದಲ್ಲಿ ನಳಿನ್ ಒಬೆರಾಯ್, ರಾಕ್ಷಸ ಮೈಮೇಲೆ ಬರುತ್ತಾನೆ. ಹುಡುಗನಿಗೆ ಶಕ್ತಿ ಕೊಡೋದು ಜೇಡ ಕಚ್ಚಿ ಅಲ್ಲ, ಒಬ್ಬ ಯೋಗಿ. ಸೊಂಟದಿಂದ ಕೆಳಗೆ ಧೋತರ.

ನಾನು ಅದನ್ನು ಆಮೇಲೆ ಓದಿದೆ. ನಿಜ ಹೇಳಲಾ? ಅರ್ಧ ಅನುವಾದ, ಅರ್ಧ ಪ್ರವಾಸಿಗರಿಗೆ ಮಾರುವ ಇಂಡಿಯಾ. ಯೋಗಿ, ರಾಕ್ಷಸ, ಧೋತರ. ವಿರಾರ್ ಲೋಕಲ್‌ನಲ್ಲಿ ಒಂದು ದಿನ ನೇತಾಡಿದವನು ಬರೆದ ಮುಂಬಯಿ ಅಲ್ಲ ಅದು. ಧೋತರ ಹಾಕಿಕೊಂಡು ಬಲೆ ಹಿಡಿದು ಹಾರಿದರೆ ಸಿಕ್ಕಿಹಾಕಿಕೊಳ್ಳಲ್ವಾ?

2023ರ ಆನಿಮೇಶನ್ ಸಿನಿಮಾದಲ್ಲಿ ಅದೇ ಪವಿತ್ರ್ ಮತ್ತೆ ಬಂದ. ಊರಿನ ಹೆಸರು ಮುಂಬಟ್ಟನ್. ಮುಂಬಯಿ ಮೇಲೆ ಮುಂಬಯಿ ಪೇರಿಸಿಟ್ಟ ಊರು, ಟ್ರಾಫಿಕ್ಕು, ಗದ್ದಲ. ಹುಡುಗ ಈಗ ಬಡವ ಅಲ್ಲ. ಖುಷಿಯಾಗಿದ್ದಾನೆ, ಕೂದಲು ಅಂದರೆ ಅಷ್ಟು ಹೆಮ್ಮೆ. ‘ಚಾಯ್ ಟೀ’ ಅಂತ ಟೀ ಅನ್ನೋದನ್ನು ಎರಡೆರಡು ಸಲ ಹೇಳುವ ವಿದೇಶಿಯರನ್ನು ಕಂಡರೆ ಉರಿಯುತ್ತಾನೆ. ಹಿಂದಿಯಲ್ಲಿ ದನಿ ಕೊಟ್ಟದ್ದು ಶುಭಮನ್ ಗಿಲ್. ನಮ್ಮ ಡಬ್ಬಿಯ ಹುಡುಗರು ಇವನನ್ನು ಒಂದೇ ಸಲಕ್ಕೆ ನಮ್ಮವನು ಅಂದರು.

ಈಗ ಮಾಣಿಯಣ್ಣನಿಗೆ ಪ್ರಶ್ನೆ. 2004ರ ಬಡತನ, ದುಃಖ ಎಲ್ಲ ಪಕ್ಕಕ್ಕಿಟ್ಟರು. ಒರೆಸಿದರು ಅಂತಲೇ ಹೇಳಬಹುದು. ಬೆಲೆ ಯಾರೂ ತೆರಲಿಲ್ಲ. ಪಾತ್ರ ಮಾತ್ರ ನೂರು ಪಾಲು ಚೆನ್ನಾಯಿತು. ಏನಂತೀರಿ?

ಇಂಕು ಕುಡಿಕೆ

ಧೋತರ ಸಿಕ್ಕಿಹಾಕಿಕೊಳ್ಳಲ್ಲ, ಕಚ್ಚೆ ಹಾಕಿ ಉಟ್ಟರೆ. ಲಾವಣಿಯವರು, ಕುಸ್ತಿಯವರು ಏನು ಉಡುತ್ತಾರೆ ನೋಡಿದ್ದೀಯಾ? ಚಿತ್ರ ಬರೆಯುವವಳಾಗಿ ಹೇಳುತ್ತೇನೆ, ಆ ಧೋತರ ಬಹಳ ಒಳ್ಳೆಯ ಯೋಚನೆ. ಹಾರುವಾಗ ಬಟ್ಟೆಗೆ ಗಾಳಿ ಸಿಗುತ್ತದೆ, ಅಮೆರಿಕದವನ ಮೈಗಂಟಿದ ಬಟ್ಟೆಗೆ ಆ ಚಲನೆ ಇಲ್ಲ. ಕತೆ ಬಡವಾಗಿತ್ತು ಅನ್ನು, ಒಪ್ಪುತ್ತೇನೆ. ವಿನ್ಯಾಸಕ್ಕೆ ಕೈ ಹಾಕಬೇಡ. ಸಿನಿಮಾದವರೂ ಅದನ್ನು ಪೂರ್ತಿ ಬಿಡಲಿಲ್ಲ, ಗಮನಿಸು.

ಮುಲುಂಡ್ ಮಾಣಿ

ಒಳ್ಳೆ ಪ್ರಶ್ನೆ ಮಾರಾಯ. ನಾಲ್ಕೇ ಸಂಚಿಕೆ ಬಂದು ನಿಂತ ಪಾತ್ರ ಅದು. ಇಪ್ಪತ್ತು ವರ್ಷ ಅದರ ಜೊತೆ ಬೆಳೆದ ಓದುಗ ಯಾರಿದ್ದಾನೆ? ಪೀಟರನ ಮದುವೆಗೆ ಒಂದು ಇಡೀ ತಲೆಮಾರು ಸಾಕ್ಷಿ ಇತ್ತು. ನನ್ನ ತಕರಾರು ಬದಲಾಯಿಸಿದ್ದಕ್ಕಲ್ಲ, ನಾವು ಜೊತೆಗೆ ಕಳೆದ ವರ್ಷಗಳು ಲೆಕ್ಕಕ್ಕಿಲ್ಲ ಅಂದದ್ದಕ್ಕೆ. ಪವಿತ್ರ್ ಹೊಸ ರೂಪದಲ್ಲಿ ಬಂದಾಗ ಯಾರ ನೆನಪಿಗೂ ಕತ್ತರಿ ಬೀಳಲಿಲ್ಲ. ಹಳೆಯದು ಹಳೆಯದಾಗಿ ಕಪಾಟಿನಲ್ಲಿ ಇದೆ. ಇದೇ ಕಾರಣಕ್ಕೆ ಇನ್ನೊಂದು ಲೋಕದ ಕಪ್ಪು ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ಬಗ್ಗೆಯೂ ನನಗೆ ಜಗಳ ಇಲ್ಲ. 2011ರಲ್ಲಿ ಅವನು ಬಂದದ್ದು ಆ ಲೋಕದ ಪೀಟರ್ ಸತ್ತ ಮೇಲೆ. ವೇಷ ಹಾಕಿಕೊಂಡದ್ದೇ ಆ ಸಾವಿನ ಅಳುಕಿನಿಂದ. ಅವನ ಬಣ್ಣ ಹಿಡಿದು ಗೊಣಗುವವರು ದಯವಿಟ್ಟು ಈ ಚರ್ಚೆಯಲ್ಲಿ ನನ್ನ ಪಕ್ಷ ಸೇರಬೇಡಿ. ನನಗೆ ಆ ಬೆಂಬಲ ಬೇಡ.

ಹಾಗೇ ಅಕ್ಕನ ಪ್ರಶ್ನೆ, ಯಾವುದು ಮುಟ್ಟಬಾರದ್ದು ಅಂತ. ಪಾತ್ರ ತಾನೇ ನಿರ್ಧಾರ ಮಾಡಿ ತಂದುಕೊಂಡದ್ದನ್ನು ಮುಟ್ಟಬಾರದು. ಶಂಭುವಿನ ಬಂದೂಕು ಅವನ ನಿರ್ಧಾರ ಅಲ್ಲ, ಬರೀ ಸಾಮಾನು. ಪೀಟರನ ಮದುವೆ ಅವನ ನಿರ್ಧಾರ.

ರದ್ದಿ ರಾಯರು

ಆ ಲೆಕ್ಕದಲ್ಲಿ ನಮ್ಮ ಫ್ಯಾಂಟಮ್ ಅಪ್ಪಟ ಚಿನ್ನ. 1936ರಿಂದ ಡಯಾನಾ ಹಿಂದೆ ಸುತ್ತಿ 1977ರಲ್ಲಿ ಮದುವೆಯಾದ. ಆಮೇಲೆ ಕಿಟ್, ಹೆಲೋಯಿಸ್ ಅಂತ ಅವಳಿ ಮಕ್ಕಳು. ಯಾವ ಸೈತಾನನೂ ಬಂದು ಬಿಡಿಸಲಿಲ್ಲ. ಸುಧಾ ವಾರಪತ್ರಿಕೆಯಲ್ಲೂ ಅವನನ್ನು ಓದುತ್ತಿದ್ದೆವು, ಊರಿಗೆ ಹೋದಾಗ ಅಣ್ಣನ ಜೊತೆ ಪುಟಕ್ಕಾಗಿ ಕಿತ್ತಾಟ. ಮದುವೆಯಿಂದ ಹೀರೋ ಮುದುಕನಾಗುತ್ತಾನೆ ಅನ್ನುವ ಅಮೆರಿಕದ ಸಂಪಾದಕರಿಗೆ ಇದನ್ನು ತೋರಿಸಬೇಕು.

ಲೀ ಫಾಕ್ ಬುದ್ಧಿವಂತಿಕೆ ಎಲ್ಲಿದೆ ಗೊತ್ತಾ? ಮೊದಲ ಫ್ಯಾಂಟಮ್ 1536ರವನು. ಈಗಿನವನು 21ನೆಯವನು. ಅಪ್ಪ ಸತ್ತರೆ ಮಗ ಅದೇ ಬಟ್ಟೆ, ಅದೇ ಉಂಗುರ ಹಾಕುತ್ತಾನೆ. ಕಾಡಿನ ಜನಕ್ಕೆ ಅವನು ಸಾಯದವನು. ಓದುಗನಿಗೆ ಮಾತ್ರ ಗುಟ್ಟು ಗೊತ್ತು. ಕಪಾಲದ ಗುಹೆಯಲ್ಲಿ ಹಳಬರ ಗೋರಿ ಸಾಲಾಗಿ ಇದೆ. ಬದಲಾವಣೆಗೇ ಒಂದು ಕೋಣೆ ಕಟ್ಟಿಟ್ಟು ಕತೆ ಶುರುಮಾಡಿದ ಅವನು. ಸೂಪರ್‌ಮ್ಯಾನಿಗೆ ಆ ಅನುಕೂಲ ಇಲ್ಲ, ಅದಕ್ಕೇ ಸತ್ತವನನ್ನೇ ಎಬ್ಬಿಸಬೇಕಾಗುತ್ತದೆ.

ವಾಸ್ಕೋದ ಅಕ್ಕ

ರಾಯರೇ, ಎಲ್ಲ ಸರಿ. ಅವಳಿ ಮಕ್ಕಳು ಅಂದಿರಿ. 22ನೆಯವನು ಕಿಟ್ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹೆಲೋಯಿಸ್ ಯಾಕೆ ಆಗಬಾರದು? ನನ್ನ ಮಗಳು ನಾಳೆ ಇದನ್ನೇ ಕೇಳುತ್ತಾಳೆ. ಆಗ “ಅಪ್ಪನಿಂದ ಮಗನಿಗೆ ಪುಟ್ಟಿ, ಅದು ಸಂಪ್ರದಾಯ” ಅಂತ ಹೇಳಲಾ? ಮಾಡಿದರೆ ಇಲ್ಲಿ ಅರ್ಧ ಜನ “ಹಾಳು ಮಾಡಿದರು” ಅಂತ ಬೊಬ್ಬೆ ಹಾಕುತ್ತಾರೆ, ನನಗೆ ಗೊತ್ತು.

ಪುಣೆ ಪಾಟೀಲ

ನಾನಂತೂ ಹಾಕೂದಿಲ್ಲ. ಹೆಲೋಯಿಸ್ ಬಂದರ ಬರಲಿ. ಭಾಷಣ ಮಾತ್ರ ಬ್ಯಾಡ.

ರದ್ದಿ ರಾಯರು

ಅಕ್ಕ, ಬೊಬ್ಬೆ ಹಾಕುವವರಿಗೆ ಉತ್ತರ ಲೀ ಫಾಕ್ ತಾನೇ ಬರೆದಿಟ್ಟಿದ್ದಾನೆ. 17ನೇ ಫ್ಯಾಂಟಮ್‌ಗೆ ಜೂಲಿ ಅಂತ ಅವಳಿ ತಂಗಿ. ಅವನು ಗಾಯವಾಗಿ ಮಲಗಿದ್ದಾಗ ಅವಳೇ ಮುಖವಾಡ ಹಾಕಿಕೊಂಡು ಅವನ ಕೆಲಸ ಮಾಡುತ್ತಾಳೆ. ಅವನು ಎದ್ದ ಮೇಲೆ ವಾಪಸ್ ಕೊಡುತ್ತಾಳೆ. 1950ರ ದಶಕದಲ್ಲೇ ಬಂದ ಕತೆ ಇದು, ಈಗಿನವರು ಹೊಸದಾಗಿ ತುರುಕಿದ್ದಲ್ಲ. ಹುಡುಗಿ ಆ ಬಟ್ಟೆ ಹಾಕಿದ ದಾಖಲೆ ಗುಹೆಯ ದಫ್ತರದಲ್ಲೇ ಇದೆ.

ಮುಲುಂಡ್ ಮಾಣಿ

ಹಾಗಾದರೆ ಹೆಲೋಯಿಸ್‌ಗೆ ನನ್ನ ವೋಟು. ಆದರೆ ಒಂದು ಷರತ್ತು. ಕಿಟ್‌ನನ್ನು ಸುಮ್ನೆ ಮಾಯ ಮಾಡಬಾರದು. ಅವನು ಯಾಕೆ ಬೇಡ ಅಂದ, ಅಣ್ಣ ತಂಗಿ ನಡುವೆ ಏನಾಯಿತು, ಅಪ್ಪ ಏನಂದ, ಅದನ್ನು ಬರೆಯಬೇಕು. ನಾಲ್ಕು ಸಂಚಿಕೆ ಹಿಡಿದರೂ ಪರವಾಗಿಲ್ಲ.

ವಾಸ್ಕೋದ ಅಕ್ಕ

ಅಣ್ಣ ಯಾಕೆ, ಅವಳಿ ಅಂದ ಮೇಲೆ ಅಕ್ಕ ತಮ್ಮ ಇರಬಾರದಾ? ಅದೂ ನಿಮ್ಮ ತೀರ್ಮಾನವಾ? ಇರಲಿ. ರಾಯರೇ, ಆ ಜೂಲಿ ಕತೆ ನಿಮ್ಮ ರಾಶಿಯಲ್ಲಿ ಇದ್ದರೆ ಪುಟಗಳ ಫೋಟೋ ಕಳಿಸಿ. ಮಗಳಿಗೆ ಬೇಸಿಗೆ ರಜೆ ಶುರುವಾಗಿದೆ.